ಹೆಸರಿನ ಜಗಳ ಆಮೇಲೆ, ಮೊದಲು ಟೆಸ್ಟ್ ಸೆಟ್‌ಗೆ ಬೀಗ ಹಾಕಿ

ಈ ವಾರದ ಒಂದು ಪತ್ರ ಓದಿ ಸಂಕಟವಾಯಿತು, ಸಿಟ್ಟೂ ಬಂತು. ಬರೆದವರು ಬೆಂಗಳೂರಿನಲ್ಲಿ ಆರು ಜನರ ಎಐ ಸಂಶೋಧನಾ ತಂಡದ ಮುಖ್ಯಸ್ಥರು. ಕನ್ನಡ ಮಾತನ್ನು ಬರಹಕ್ಕಿಳಿಸುವ ಮಾಡೆಲ್ ಕಟ್ಟುತ್ತಿದ್ದಾರೆ. ತಪ್ಪು ಪದಗಳ ಪ್ರಮಾಣ ಶೇ 19ರಿಂದ 13ಕ್ಕೆ ಇಳಿದಿದೆ. ಪೇಪರಿನಲ್ಲಿ ಮೊದಲ ಹೆಸರು ತನ್ನದೇ ಇರಬೇಕೆಂದು ಹಿರಿಯ ಸಂಶೋಧಕರ ಪಟ್ಟು. ಪ್ರಯೋಗಗಳನ್ನೆಲ್ಲ ಮಾಡಿದ ಹುಡುಗಿ ಮಾತ್ರ ‘ಪೇಪರ್ ಈಗಲೇ ಬೇಡ’ ಎಂದು ಮುನಿಸಿಕೊಂಡಿದ್ದಾಳಂತೆ. ಇಬ್ಬರನ್ನೂ ರಾಜಿ ಮಾಡಿಸುವುದು ಹೇಗೆ ಎಂಬುದು ಪ್ರಶ್ನೆ.

ಸರ್, ‘ಟೆಸ್ಟ್ ಸೆಟ್ ಮೇಲೆ ನಲವತ್ತು ಸಲ ಓಡಿಸಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡೆವು’ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ತೊಂದರೆಯ ಬೇರು ಆ ಸಾಲಿನಲ್ಲಿದೆ. ಟೆಸ್ಟ್ ಸೆಟ್ ಎಂದರೆ ಮಾಡೆಲನ್ನು ಕೊನೆಗೆ ಪರೀಕ್ಷಿಸಲೆಂದು ಬೇರೆ ಎತ್ತಿಟ್ಟ ಡೇಟಾ. ಉತ್ತರ ನೋಡಿ ನೋಡಿ ಮಾಡೆಲ್ ಆರಿಸಿದ ಮೇಲೆ ಆ 13ಕ್ಕೆ ಬೆಲೆಯಿಲ್ಲ. ಹುಡುಗಿಗೆ ಇದು ಗೊತ್ತು. ಅವಳದು ಮುನಿಸಲ್ಲ, ಭಯ. 2015ರಲ್ಲಿ ಚೀನಾದ ಬೈದು ಕಂಪನಿಯ ತಂಡ ಇಮೇಜ್‌ನೆಟ್ ಎಂಬ ಚಿತ್ರ ಗುರುತಿಸುವ ಸ್ಪರ್ಧೆಯ ಪರೀಕ್ಷಾ ಸರ್ವರ್‌ಗೆ ವಾರಕ್ಕೆ ಎರಡೇ ಸಲ ಎಂಬ ಮಿತಿ ಮೀರಿ, ಹಲವು ಖಾತೆಗಳಿಂದ ಕನಿಷ್ಠ 200 ಸಲ ಫಲಿತಾಂಶ ಕಳಿಸಿ ಸಿಕ್ಕಿಬಿತ್ತು. ಸ್ಪರ್ಧೆಯಿಂದ ಒಂದು ವರ್ಷ ಹೊರಗುಳಿಯಬೇಕಾಯಿತು. ನಿಮ್ಮಲ್ಲಿ ಎಣಿಸುವ ಸರ್ವರ್ ಇಲ್ಲ, ಎಣಿಸಬೇಕಾದವರು ನೀವೇ.

ನನಗೆ ಹೆಚ್ಚು ಸಿಟ್ಟು ಬಂದದ್ದು ನಿಮ್ಮ ಮಾರಾಟ ವಿಭಾಗದವರ ಮೇಲೆ. ಪೇಪರ್ ಬರೆಯುವ ಮೊದಲೇ ಗ್ರಾಹಕರಿಗೆ 13 ಎಂದು ಹೇಳಿ ಬಂದರಲ್ಲ, ಆ ಹುಡುಗಿಯ ಬಾಯಿ ಕಟ್ಟಿಸಿದವರು ಅವರು.

ಮಾಡಬೇಕಾದದ್ದು ಒಂದೇ: ಹೊಸ ಟೆಸ್ಟ್ ಸೆಟ್. ಕಲಬುರಗಿ, ಧಾರವಾಡ, ಮಂಗಳೂರು, ಚಾಮರಾಜನಗರ, ಈ ನಾಲ್ಕು ಕಡೆ ತಲಾ 16 ಜನರಿಂದ ಐದೈದು ನಿಮಿಷ ಸಹಜ ಮಾತು ರೆಕಾರ್ಡ್ ಮಾಡಿಸಿ. ಅರ್ಧ ಜನ ಹೆಂಗಸರಿರಲಿ. ಅವರಲ್ಲಿ ಒಬ್ಬರ ದನಿಯೂ ತರಬೇತಿಯ ಡೇಟಾದಲ್ಲಿ ಇರಕೂಡದು. ವಾಕ್ಯಗಳನ್ನು ಕಲಸಿ ತರಬೇತಿಗೆ, ಪರೀಕ್ಷೆಗೆ ಎಂದು ಎರಡು ಪಾಲು ಮಾಡಿದರೆ ಅದೇ ದನಿ, ಅದೇ ಮೈಕು ಎರಡೂ ಕಡೆ ಸೇರಿ ಅಂಕಿ ಸುಳ್ಳೇ ಚೆನ್ನಾಗಿ ಕಾಣುತ್ತದೆ. ರೆಕಾರ್ಡ್ ಆದ ಮಾತನ್ನು ಇಬ್ಬರು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಲಿ, ವ್ಯತ್ಯಾಸ ಬಂದಲ್ಲಿ ಮೂರನೆಯವರು ತೀರ್ಮಾನಿಸಲಿ. ಅದಕ್ಕೂ ಮೊದಲು ಪದ ಬಿಡಿಸುವ ನಿಯಮ ಬರೆದಿಡಿ. ‘ಬರುತ್ತೇನೆ ಎಂದು’ ಎಂಬಲ್ಲಿ ಮಾಡೆಲ್ ‘ಬರುತ್ತೇನೆಂದು’ ಎಂದು ಬರೆದರೆ ಎರಡು ತಪ್ಪು ಲೆಕ್ಕಕ್ಕೆ ಬರುತ್ತವೆ, ಕೇಳುವವರಿಗೆ ಒಂದೂ ಇಲ್ಲ. ಆದ್ದರಿಂದ ಅಕ್ಷರಮಟ್ಟದ ತಪ್ಪನ್ನೂ ಜೊತೆಗೆ ಕೊಡಿ. ಟೆಸ್ಟ್ ಸೆಟ್ ಮಾಡೆಲ್ ಕಟ್ಟದವರ ಬಳಿ ಇರಲಿ. ಸೆಟ್ಟಿಂಗ್‌ಗಳನ್ನೆಲ್ಲ ವ್ಯಾಲಿಡೇಶನ್ ಸೆಟ್‌ನಲ್ಲೇ, ಅಂದರೆ ಆಯ್ಕೆಗೆಂದೇ ಬೇರೆ ಇಟ್ಟ ಡೇಟಾದಲ್ಲೇ, ಆರಿಸಿ ಮುಗಿಸಿ. ಕೊನೆಗೆ ಅದೇ ಮಾಡೆಲನ್ನು ಮೂರು ಬೇರೆ ಸೀಡ್‌ಗಳಲ್ಲಿ (ತರಬೇತಿಯ ಯಾದೃಚ್ಛಿಕ ಆರಂಭವನ್ನು ಗೊತ್ತುಮಾಡುವ ಸಂಖ್ಯೆಗಳು) ತರಬೇತಿ ಮಾಡಿ, ಮೂರನ್ನೂ ಒಂದೊಂದೇ ಸಲ ಓಡಿಸಿ, ಸರಾಸರಿಯ ಜೊತೆಗೆ ಏರಿಳಿತವನ್ನೂ ಬರೆಯಿರಿ.

ಮೊದಲ ಹೆಸರು ಹುಡುಗಿಯದು, ಪ್ರಯೋಗಗಳು ಅವಳವು. ಹಿರಿಯರು ಏನು ಮಾಡಿದ್ದಾರೆಂಬುದನ್ನು ಪೇಪರಿನಲ್ಲೇ ಬರೆಯಿರಿ, ಮುಂದಿನ ಕೆಲಸದ ಹೆಸರಿನ ಸರದಿಯನ್ನು ಮೊದಲ ದಿನವೇ ಗೊತ್ತುಮಾಡಿ. ಹೊಸ ಅಂಕಿ 17 ಬಂದರೆ ಗ್ರಾಹಕರಿಗೆ ನೀವೇ ಫೋನ್ ಮಾಡಿ 17 ಎಂದು ಹೇಳಿ, ಆ ಫೋನನ್ನು ಹುಡುಗಿಯಿಂದ ಮಾಡಿಸಬೇಡಿ.