ಅದೇ ದಿನದ ಚಿತ್ರ, ಅಂಕಿ ಮಾತ್ರ ಬೇರೆ

ಪ್ರಶ್ನೆ: ಯುರೋಪಿನ ಸೆಂಟಿನೆಲ್-2 ಉಪಗ್ರಹ ತೆಗೆದ 2020ರ ಒಂದು ಚಿತ್ರವನ್ನು 2021ರಲ್ಲಿ ಇಳಿಸಿಕೊಂಡಿದ್ದೆ. ಆಮೇಲೆ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಈಗ ಅದೇ ಚಿತ್ರವನ್ನು ಮತ್ತೆ ಇಳಿಸಿಕೊಂಡೆ. ನನ್ನ ಹಳೇ ಟಿಪ್ಪಣಿಯಲ್ಲಿ ಹಸಿರಿನ ಸೂಚ್ಯಂಕ, ಅಂದರೆ ಎನ್‌ಡಿವಿಐ, 0.76 ಇದೆ. ಈಗ 0.48 ಬರುತ್ತಿದೆ. ಯಾವುದನ್ನು ನಂಬಲಿ?

ಉತ್ತರ: 0.76 ಅನ್ನೇ ನಂಬಿ. ಹಾಗಂತ ಹೊಸ ಫೈಲ್ ಕೆಟ್ಟಿದೆ ಅಂತಲ್ಲ, ಅದನ್ನು ಓದುವ ರೀತಿ ಬದಲಾಗಿದೆ, ಅಷ್ಟೇ.

ಉಪಗ್ರಹದಿಂದ ನೆಲಕ್ಕೆ ಬರುವುದು ಚಿತ್ರ ಅಲ್ಲ, ಬರೀ ಅಂಕಿಗಳ ಕಂತೆ. ನೆಲದ ಕೇಂದ್ರದಲ್ಲಿ ಅದನ್ನು ಸಮಯದ ಕ್ರಮದಲ್ಲಿ ಜೋಡಿಸುತ್ತಾರೆ, ಬೆಳಕೇ ಇಲ್ಲದಾಗಲೂ ಸೆನ್ಸರ್ ತೋರಿಸುವ ಅಂಕಿಯನ್ನು ಕಳೆಯುತ್ತಾರೆ, ಪ್ರತಿಫಲನದ ಲೆಕ್ಕಕ್ಕೆ ತರುತ್ತಾರೆ, ಪ್ರತಿ ಪಿಕ್ಸೆಲ್ ಭೂಮಿಯ ಮೇಲೆ ಎಲ್ಲಿ ಕೂರಬೇಕು ಅಂತ ಗುರುತಿಸುತ್ತಾರೆ. ಈ ಕೊನೆಯದು ಸುಮ್ನೆ ಆಗುವ ಕೆಲಸ ಅಲ್ಲ. ಲ್ಯಾಂಡ್‌ಸ್ಯಾಟ್ ಅನ್ನುವ ಇನ್ನೊಂದು ಉಪಗ್ರಹ ಹಾರುವ 705 ಕಿ.ಮೀ. ಎತ್ತರದಲ್ಲಿ ನೋಟದ ಕೋನ ಒಂದು ಆರ್ಕ್‌ಸೆಕೆಂಡ್, ಅಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು ತಪ್ಪಿದರೂ ನೆಲದಲ್ಲಿ ಮೂರು ಮೀಟರಿಗಿಂತ ಜಾಸ್ತಿ ಆಚೀಚೆ ಆಗುತ್ತದೆ.

ಲೆಕ್ಕದ ವಿಧಾನ ಸುಧಾರಿಸಿದಾಗಲೆಲ್ಲ ಹಳೇ ದತ್ತಾಂಶವನ್ನು ಮೊದಲಿಂದ ಮತ್ತೆ ಸಂಸ್ಕರಿಸುತ್ತಾರೆ. ನಿಮಗೆ ಆಗಿರುವುದೂ ಅದೇ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಪ್ರತಿ ಅಂಕಿಗೆ 1000 ಕೂಡಿಸಿ ಕೊಡುತ್ತಿದ್ದಾರೆ, ಆಮೇಲೆ ಮರುಸಂಸ್ಕರಿಸಿದ ಹಳೇ ಚಿತ್ರಗಳಿಗೂ ಇದೇ ಕ್ರಮ. ಯಾಕೆ ಗೊತ್ತಾ? ತುಂಬಾ ಕಪ್ಪಾದ ಜಾಗಗಳಲ್ಲಿ, ಆಳದ ನೀರು ಅಂದುಕೊಳ್ಳಿ, ಕಳೆಯುವ ಲೆಕ್ಕ ಮುಗಿದಾಗ ಅಂಕಿ ಸೊನ್ನೆಗಿಂತ ಕೆಳಗೂ ಹೋಗಬಹುದು. ಫೈಲಿನಲ್ಲಿ ಋಣ ಸಂಖ್ಯೆಗೆ ಜಾಗ ಇಲ್ಲ, ಮೊದಲು ಅದನ್ನು ಕತ್ತರಿಸಿಬಿಡುತ್ತಿದ್ದರು. ಕತ್ತರಿಸುವ ಬದಲು ಎಲ್ಲವನ್ನೂ ಮೇಲಕ್ಕೆತ್ತಿದ್ದು ಒಳ್ಳೇದೇ, ಆದರೆ ಇದು ಗೊತ್ತಿಲ್ಲದೆ ತಲೆ ಕೆಡಿಸಿಕೊಂಡವರು ನೀವೊಬ್ಬರೇ ಅಲ್ಲ.

ಒಂದು ಪಿಕ್ಸೆಲ್ ಹಿಡಿದು ನೋಡಿ. ಕೆಂಪು ಬೆಳಕಿನ ಅಂಕಿ 400, ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕಿನದು 3000. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ. ವ್ಯತ್ಯಾಸ 2600, ಮೊತ್ತ 3400, ಭಾಗಿಸಿದರೆ 0.76. ಎರಡಕ್ಕೂ 1000 ಕೂಡಿಸಿ. ವ್ಯತ್ಯಾಸ ಅದೇ 2600, ಮೊತ್ತ ಮಾತ್ರ 5400 ಆಯಿತು, ಉತ್ತರ 0.48. ನಿಮ್ಮ ಅಂಕಿಯೇ ಅಲ್ವಾ?

ಹಾಗಾಗಿ ಮೊದಲು 1000 ಕಳೆಯಿರಿ, ಆಮೇಲೆ 10,000ದಿಂದ ಭಾಗಿಸಿ. ಫೈಲಿನ ಹೆಸರಿನಲ್ಲಿ ‘ಎನ್’ ಅಕ್ಷರದ ಮುಂದೆ ನಾಲ್ಕು ಅಂಕಿ ಇರುತ್ತವೆ, ಅದು ಸಂಸ್ಕರಣೆಯ ಆವೃತ್ತಿ. 0400 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಳೆಯಬೇಕು. ಟಿಪ್ಪಣಿಯಲ್ಲಿ ದಿನಾಂಕದ ಪಕ್ಕ ಇದನ್ನೂ ಬರೆದಿಡಿ. ಒಂದು ಎಚ್ಚರಿಕೆ: ಉಪಗ್ರಹ ಚಿತ್ರಗಳನ್ನು ಆನ್‌ಲೈನ್‌ನಲ್ಲೇ ವಿಶ್ಲೇಷಿಸಲು ಬಳಸುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ‘ಹಾರ್ಮೊನೈಸ್ಡ್’ ಅಂತ ಹೆಸರಿರುವ ಸಂಗ್ರಹದಲ್ಲಿ ಈ 1000 ಅನ್ನು ಅವರೇ ಕಳೆದಿರುತ್ತಾರೆ. ಅಲ್ಲಿ ನೀವೂ ಕಳೆದರೆ ಮೇಲಿನ ಪಿಕ್ಸೆಲ್‌ನ ಕೆಂಪು ಅಂಕಿ ಮೈನಸ್ 600ಕ್ಕೆ ಇಳಿಯುತ್ತದೆ.