ಗೆಲ್ಲದ ಆಟಗಾರ ಏನು ಕಲಿಸ್ತಾನೆ ಅಂತೀರಾ?

ಮಾಲೂರಿನ ಓದುಗರೊಬ್ಬರು ಬರೆದಿದ್ದಾರೆ. ಅವರ ಮಗಳಿಗೆ ಹನ್ನೊಂದು ವರ್ಷ, ಟೆನಿಸ್ ಹುಚ್ಚು ಹಿಡಿದಿದೆ. ಕೋಲಾರದಲ್ಲಿ ಒಬ್ಬ ಕೋಚ್ ಇದ್ದಾರಂತೆ. ಕೆಲವು ವರ್ಷ ಪ್ರೊಫೆಷನಲ್ ಆಗಿ ಆಡಿ, ಈಗ ಊರಿಗೆ ಬಂದು ಮಕ್ಕಳಿಗೆ ಕಲಿಸುತ್ತಿದ್ದಾರೆ. ಪತ್ರದ ತಿರುಳು ಇಷ್ಟು: "ಅವರು ಹೆಸರು ಹೇಳುವಂಥ ಒಂದು ಟೂರ್ನಿಯನ್ನೂ ಗೆದ್ದಿಲ್ಲ. ತಾವೇ ಗೆಲ್ಲದವರು ನನ್ನ ಮಗಳನ್ನು ಏನು ಗೆಲ್ಲಿಸ್ತಾರೆ? ಫೀಸೂ ಜಾಸ್ತಿ. ಬೆಂಗಳೂರಿನ ದೊಡ್ಡ ಅಕಾಡೆಮಿಗೇ ಸೇರಿಸೋಣ ಅಂತಿದ್ದೇನೆ. ನೀವೇನಂತೀರಿ?"

ಸಂಪಾದಕರ ಉತ್ತರ:

ಸ್ವಾಮಿ, ಬೆಂಗಳೂರಿನಲ್ಲಿ ಕೋರ್ಟು ಜಾಸ್ತಿ, ಟೂರ್ನಿ ಜಾಸ್ತಿ, ನಿಮ್ಮ ಮಗಳ ಜೊತೆ ಸರಿಸಮ ಆಡುವ ಹುಡುಗಿಯರೂ ಜಾಸ್ತಿ. ಅದನ್ನು ಒಪ್ಪಿಕೊಂಡೆ. ಆದರೆ "ತಾವೇ ಗೆಲ್ಲದವರು" ಅಂದಿರಲ್ಲ, ಆ ಮಾತು ನನಗೆ ಚುಚ್ಚಿತು.

ಟೀವಿಯಲ್ಲಿ ನಾವು ನೋಡೋದು ವಿಂಬಲ್ಡನ್ ಮಾತ್ರ. ಅದರ ಕೆಳಗೆ ಇನ್ನೊಂದು ಲೋಕ ಇದೆ. ಅಲ್ಲಿ ಒಂದು ಟೂರ್ನಿಯ ಒಟ್ಟು ಬಹುಮಾನವೇ 15,000 ಡಾಲರ್. ಅದು ಗೆದ್ದ ಒಬ್ಬನಿಗಲ್ಲ, ಸಿಂಗಲ್ಸ್, ಡಬಲ್ಸ್ ಆಡಿದ ಎಲ್ಲರಿಗೂ ಸೇರಿ. ಮೊದಲ ಸುತ್ತಿನಲ್ಲೇ ಸೋತವನಿಗೆ ಲಾಡ್ಜ್ ಖರ್ಚೂ ಹುಟ್ಟುವುದಿಲ್ಲ. ಕೋಚನ್ನು ಜೊತೆಗೆ ಕರೆದುಕೊಂಡು ಹೋಗೋಣ ಅಂದರೆ ದುಡ್ಡೆಲ್ಲಿ? ಹಾಗಾಗಿ ಆಟಗಾರ ತನಗೆ ತಾನೇ ಕೋಚ್. ನಾಳೆ ಎದುರಾಗುವವನ ಆಟವನ್ನು ಇವತ್ತೇ ಪಕ್ಕದ ಕೋರ್ಟಿನ ಹೊರಗೆ ನಿಂತು ನೋಡಬೇಕು. ಅವನ ಬ್ಯಾಕ್‌ಹ್ಯಾಂಡ್ ಎಲ್ಲಿ ತಡವರಿಸುತ್ತದೆ, ಸುಸ್ತಾದಾಗ ಸರ್ವ್ ಎಲ್ಲಿಗೆ ಬೀಳುತ್ತದೆ, ಎಲ್ಲ ಗುರುತು ಮಾಡಿಕೊಳ್ಳಬೇಕು. ಹೀಗೆ ವರ್ಷಗಟ್ಟಲೆ ಕಣ್ಣು ಪಳಗಿಸಿಕೊಂಡವನಿಗೆ ನೀವು ಇಟ್ಟ ಹೆಸರು "ಗೆಲ್ಲದವನು".

ಬ್ರಾಡ್ ಗಿಲ್ಬರ್ಟ್ ಅಂತ ಒಬ್ಬ ಅಮೆರಿಕದ ಆಟಗಾರ. ನೋಡಲು ಚಂದದ ಆಟವಲ್ಲ. ಆದರೂ ಎದುರಾಳಿಯ ತಲೆ ಕೆಡಿಸುವುದರಲ್ಲಿ ನಿಸ್ಸೀಮ. ಹಾಗೆ ಆಡಿಯೇ ವಿಶ್ವದ ನಾಲ್ಕನೇ ಸ್ಥಾನ ಮುಟ್ಟಿದ. ಗ್ರಾಂಡ್‌ಸ್ಲಾಮ್, ಅಂದರೆ ವಿಂಬಲ್ಡನ್ ಥರದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಮಾತ್ರ ಕ್ವಾರ್ಟರ್‌ಫೈನಲ್ ದಾಟಲಿಲ್ಲ. 1994ರಲ್ಲಿ ಆಂಡ್ರೆ ಅಗಾಸಿಗೆ ಕೋಚ್ ಆದ. ಅಗಾಸಿ ಗೆದ್ದ ಎಂಟು ಗ್ರಾಂಡ್‌ಸ್ಲಾಮ್‌ಗಳಲ್ಲಿ ಆರು ಬಂದಿದ್ದು ಈತನ ಕೈಕೆಳಗೆ. 1997ರಲ್ಲಿ ಅಗಾಸಿ 141ನೇ ಸ್ಥಾನಕ್ಕೆ ಕುಸಿದಾಗ ಇಬ್ಬರೂ ಸೇರಿ ಮತ್ತೆ ಸಣ್ಣ ಟೂರ್ನಿಗಳಿಂದ ಶುರು ಮಾಡಿದರು. 1999ಕ್ಕೆ ಅಗಾಸಿ ಮತ್ತೆ ನಂಬರ್ ಒನ್. ಮ್ಯಾಗ್ನಸ್ ನಾರ್ಮನ್ ಕೂಡ ಅಂಥವನೇ. 2000ದ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸೋತ, ಗಾಯದಿಂದ ಬೇಗ ಆಟ ಬಿಟ್ಟ. ಆಮೇಲೆ ಅವನ ಶಿಷ್ಯ ವಾವ್ರಿಂಕಾ ಮೂರು ಗ್ರಾಂಡ್‌ಸ್ಲಾಮ್ ಎತ್ತಿದ.

ಚಾಂಪಿಯನ್‌ಗಳು ಕಲಿಸಲಾರರು ಅಂತಲ್ಲ. ಇವಾನ್ ಲೆಂಡ್ಲ್ ಎಂಟು ಗ್ರಾಂಡ್‌ಸ್ಲಾಮ್ ಗೆದ್ದವನು, ಬ್ರಿಟನ್ನಿನ ಆಂಡಿ ಮರ್ರಿಯನ್ನೂ ಗೆಲ್ಲಿಸಿದ. ಆದರೆ ಸ್ವಲ್ಪ ಒಳಗೆ ಇಣುಕಿ ನೋಡಿ. ಮರ್ರಿ ತನ್ನ ಮೊದಲ ನಾಲ್ಕು ಗ್ರಾಂಡ್‌ಸ್ಲಾಮ್ ಫೈನಲ್‌ಗಳಲ್ಲೂ ಸೋತಿದ್ದ. ಲೆಂಡ್ಲ್ ಕೂಡ ತನ್ನ ಕಾಲದಲ್ಲಿ ಮೊದಲ ನಾಲ್ಕನ್ನೂ ಸೋತೇ ಐದನೆಯದನ್ನು ಗೆದ್ದವನು. ಆ ಸಂಕಟ ಗೊತ್ತಿದ್ದವನು ಪಕ್ಕದಲ್ಲಿ ಕೂತ ಮೇಲೆ ಮರ್ರಿಯ ಐದನೇ ಫೈನಲ್ ಕೈಹಿಡಿಯಿತು, 2012ರ ಯುಎಸ್ ಓಪನ್. ಮರುವರ್ಷ ವಿಂಬಲ್ಡನ್. ಬ್ರಿಟನ್ನಿನ ಗಂಡಸೊಬ್ಬ ಅಲ್ಲಿ ಸಿಂಗಲ್ಸ್ ಗೆದ್ದು 77 ವರ್ಷವಾಗಿತ್ತು. ಈಗ ಹೇಳಿ, ಲೆಂಡ್ಲ್‌ನ ಯಾವ ಅನುಭವ ಕೆಲಸಕ್ಕೆ ಬಂತು, ಗೆದ್ದಿದ್ದೋ ಸೋತಿದ್ದೋ?

ಕಳೆದ ವರ್ಷ ಮದುವೆಯೊಂದಕ್ಕೆ ತುಮಕೂರಿಗೆ ಹೋಗಿದ್ದೆ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಛತ್ರದ ಹಿಂದೆ ಒಂದು ಸಿಮೆಂಟ್ ಕೋರ್ಟು, ಸುಮ್ನೆ ಹೋಗಿ ನಿಂತೆ. ಕೋಚ್ ಪೇಂಟ್ ಬಕೆಟ್ಟಿನಿಂದ ಒಂದೊಂದೇ ಚೆಂಡು ತೆಗೆದು ಹಾಕುತ್ತಿದ್ದರು. ಎಲ್ಲವೂ ರೋಮ ಉದುರಿದ ಹಳೇ ಚೆಂಡುಗಳು. ಒಬ್ಬ ಹುಡುಗ ಹೊಡೆದಿದ್ದೆಲ್ಲ ನೆಟ್ಟಿಗೆ. ಹೊರಗೆ ನಿಂತಿದ್ದ ಅವರಪ್ಪ "ಜೋರಾಗಿ ಹೊಡಿಯೋ" ಅಂತ ಕೂಗುತ್ತಲೇ ಇದ್ದರು. ಕೋಚ್ ಚೆಂಡು ಹೋದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವರ ಕಣ್ಣೆಲ್ಲ ಹುಡುಗನ ಪಾದದ ಮೇಲೆ. ಆಮೇಲೆ ರಾಕೆಟ್ ಕೆಳಗಿಡಿಸಿ, "ನಾನು ಚೆಂಡು ಬಿಡೋ ಹೊತ್ತಿಗೆ ನೀನು ಒಂದು ಸಣ್ಣ ಜಿಗಿತ ಜಿಗೀಬೇಕು, ಅಷ್ಟೇ" ಅಂದರು. ಸುಮಾರು ಹೊತ್ತು ಬರೀ ಜಿಗಿತವೇ ನಡೆಯಿತು. ಮತ್ತೆ ರಾಕೆಟ್ ಹಿಡಿದಾಗ ನಾಲ್ಕರಲ್ಲಿ ಮೂರು ಚೆಂಡು ನೆಟ್ ದಾಟಿದವು. ಅಪ್ಪ ಅಷ್ಟರಲ್ಲಿ ಫೋನ್ ನೋಡಲು ಶುರು ಮಾಡಿದ್ದರು.

ನಮ್ಮ ಕಡೆ ಸನ್ಮಾನ ಸಮಾರಂಭ ನೋಡಿದ್ದೀರಲ್ಲ. ಗೆದ್ದ ಮಗುವಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ವೇದಿಕೆ ತುಂಬ ರಾಜಕಾರಣಿಗಳು. ಕೋಚ್ ಎಲ್ಲಿ ಅಂತ ಹುಡುಕಿದರೆ ಕೊನೇ ಸಾಲಿನಲ್ಲಿ ಮಕ್ಕಳ ಬ್ಯಾಗು ಕಾಯುತ್ತಾ ಕೂತಿರುತ್ತಾರೆ. ಶಾಲೆಯಲ್ಲಿ ಪಿಟಿ ಮೇಷ್ಟ್ರ ಪಾಡೂ ಇದೇ. ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗೋದು ಅವರ ಪೀರಿಯಡ್ಡು, ಗಣಿತಕ್ಕೆ. ಮೇಷ್ಟ್ರನ್ನು ಮೈಕ್ ಕಟ್ಟೋಕೆ, ಕುರ್ಚಿ ಹಾಕಿಸೋಕೆ ಕಳಿಸುತ್ತಾರೆ. ಆಮೇಲೆ ಒಲಿಂಪಿಕ್ಸ್ ಬಂದಾಗ ನಮಗೆ ಪದಕ ಯಾಕೆ ಬರಲ್ಲ ಅಂತ ಇದೇ ಪತ್ರಿಕೆಗೆ ಪತ್ರ ಬರೆಯುತ್ತೀರಿ.

ಇನ್ನೊಂದು ವಿಷಯ, ನಿಮ್ಮೂರಿನದೇ. ಫ್ರೆಂಚ್ ಓಪನ್ ಕೋರ್ಟಿನ ಆ ಕೆಂಪು ಬಣ್ಣ ಎಲ್ಲಿಂದ ಬಂತು ಗೊತ್ತಾ? ಇಟ್ಟಿಗೆ ಪುಡಿಯಿಂದ. ಸುಣ್ಣಕಲ್ಲಿನ ಪದರದ ಮೇಲೆ ತೆಳ್ಳಗೆ ಉದುರಿಸುತ್ತಾರೆ. ಹೆಂಚು, ಇಟ್ಟಿಗೆ ಅಂದರೆ ಮಾಲೂರು ಅಂತ ನಾಡಿಗೇ ಗೊತ್ತು. ಆದರೂ ನಿಮ್ಮಲ್ಲಿ ಯಾರಿಗೂ ಇಟ್ಟಿಗೆ ಪುಡಿಯ ಒಂದು ಕೋರ್ಟು ಮಾಡಿಸೋಣ ಅಂತ ಅನ್ನಿಸಿದ ಹಾಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಕೋಚ್ ವಿಷಯಕ್ಕೆ ಮಾತ್ರ ಅಲ್ಲ ಬಿಡಿ.

ಫೀಸು ಜಾಸ್ತಿ ಅಂದಿರಿ. ಬೆಂಗಳೂರಿನ ಅಕಾಡೆಮಿ ಅದಕ್ಕಿಂತ ಕಡಿಮೆಗೆ ಕಲಿಸುತ್ತದೆಯೇ? ಅಲ್ಲಿ ಒಂದೇ ಕೋರ್ಟಿನಲ್ಲಿ ಎಷ್ಟು ಮಕ್ಕಳನ್ನು ನಿಲ್ಲಿಸುತ್ತಾರೆ, ಬೋರ್ಡಿನ ಮೇಲಿರುವ ದೊಡ್ಡ ಹೆಸರಿನವರು ಕೋರ್ಟಿಗೆ ಯಾವಾಗ ಬರುತ್ತಾರೆ, ಕೇಳಿದ್ದೀರಾ? ಕೋಲಾರಕ್ಕೆ ಒಂದು ವಾರ ಮಗಳ ಜೊತೆ ಹೋಗಿ. ಬೆಂಚಿನ ಮೇಲೆ ಕೂತು, ಬಾಯಿ ಮುಚ್ಚಿಕೊಂಡು ನೋಡಿ. ಕೋಚ್ ಕಣ್ಣು ಮಕ್ಕಳ ಕಾಲಿನ ಮೇಲಿದೆಯೋ ಮೊಬೈಲಿನ ಮೇಲೋ, ಅಷ್ಟು ಸಾಕು. ಮೊಬೈಲಿನ ಮೇಲಿದ್ದರೆ ಧಾರಾಳವಾಗಿ ಬಿಡಿಸಿ, ನನ್ನ ತಕರಾರಿಲ್ಲ. ಟೂರ್ನಿ ಆಡಿಸಲು ಬೆಂಗಳೂರಿಗೆ ಹೋಗಲೇಬೇಕು, ಮಾಲೂರಿನಿಂದ ರೈಲಿದೆ.

ಆಮೇಲೆ, ಎರಡು ಪುಟದ ಪತ್ರದಲ್ಲಿ ನಿಮ್ಮ ಮಗಳಿಗೆ ಆ ಕೋಚ್ ಇಷ್ಟವೋ ಇಲ್ಲವೋ ಅನ್ನೋದೇ ಬರೆದಿಲ್ಲ. ಮೊದಲು ಅವಳನ್ನು ಕೇಳಿ.