ಮೂತ್ರದ ಸೋಂಕಿನ ಮಾತ್ರೆಯಿಂದ ಅತ್ತೆಗೆ ಬುದ್ಧಿಭ್ರಮೆ ಆಗಬಹುದೇ?

ಆಗಬಹುದು. ಎಪ್ಪತ್ತು ದಾಟಿದ ಅತ್ತೆಯವರು ಲೆವೊಫ್ಲಾಕ್ಸಸಿನ್ ಶುರುಮಾಡಿದ ಮೂರನೆಯ ದಿನದಿಂದ ನಿದ್ದೆಗೆಟ್ಟಿದ್ದಾರೆ, ಹಿತ್ತಲಲ್ಲಿ ಯಾರೋ ನಿಂತಿದ್ದಾರೆ ಎನ್ನುತ್ತಾರೆ ಎಂದು ಬರೆದಿದ್ದೀರಿ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಮುಂದೆ ಓದುವ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿ. ಲೆವೊಫ್ಲಾಕ್ಸಸಿನ್ ಸೇರಿದ ಫ್ಲೋರೊಕ್ವಿನೊಲೋನ್ ಎಂಬ ಗುಂಪಿನ ಆ್ಯಂಟಿಬಯೋಟಿಕ್ ಮಾತ್ರೆಗಳು, ಅದರಲ್ಲೂ ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್‌ನಂಥವುಗಳ ಜೊತೆ ಸೇರಿದಾಗ, ಸಕ್ಕರೆಯನ್ನು ವಿಪರೀತ ಇಳಿಸಬಲ್ಲವು. ಆಗಲೂ ಮಾತು ಹೀಗೆಯೇ ಹಳಿ ತಪ್ಪುತ್ತದೆ. 70ಕ್ಕಿಂತ ಕಡಿಮೆ ಇದ್ದು, ನುಂಗುವಷ್ಟು ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ.

ನಾನು ವೈದ್ಯನಲ್ಲ, ಔಷಧದ ಅಂಗಡಿ ಇಟ್ಟವನು. ಆದರೂ ನನ್ನ ತಂದೆಗೆ ಹೀಗಾದಾಗ ಎರಡು ದಿನ ನನಗೇ ಹೊಳೆಯಲಿಲ್ಲ. ಅದೇ ಗುಂಪಿನ ಸಿಪ್ರೊಫ್ಲಾಕ್ಸಸಿನ್ ನುಂಗುತ್ತಿದ್ದರು. ನಡುರಾತ್ರಿ ಎದ್ದು, ಸತ್ತುಹೋದ ತಮ್ಮನಿಗೆ ಬಾಗಿಲು ತೆಗೆಯಲು ಹೊರಟರು. ಗಾಳಿ ಸೋಕಿದೆ, ತಾಯಿತ ಕಟ್ಟಿಸು ಎಂದರು ಚಿಕ್ಕಮ್ಮ. ವಯಸ್ಸಾಯಿತಲ್ಲ ಎಂದೆ ನಾನು. ಆ ಮಾತ್ರೆಯ ಪಟ್ಟಿಯನ್ನು ನನ್ನ ಕೈಯಾರೆ ಕತ್ತರಿಸಿ ಕೊಟ್ಟಿದ್ದೆ! ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ಮಾತ್ರೆ ಶುರುವಾದದ್ದು ಯಾವತ್ತು, ಇದು ಶುರುವಾದದ್ದು ಯಾವತ್ತು? ಬೇರೆ ಆ್ಯಂಟಿಬಯೋಟಿಕ್‌ಗೆ ಬದಲಾಯಿಸಿದರು. ನಾಲ್ಕನೆಯ ದಿನ ಅಪ್ಪ ಪತ್ರಿಕೆ ಕೇಳಿದರು.

ನಮ್ಮ ಮೆದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಈ ಔಷಧಗಳು ಅಡ್ಡಬರುತ್ತವೆ ಎನ್ನುವುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಕೆಲವು ನೋವಿನ ಮಾತ್ರೆಗಳು ಜೊತೆಗೂಡಿದರೆ ಆ ಅಡ್ಡಿ ಹೆಚ್ಚುತ್ತದೆ. ಲೆವೊಫ್ಲಾಕ್ಸಸಿನ್ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ್ದರಿಂದ, ಮೂತ್ರಪಿಂಡ ಸೋತ ಮುದುಕರಲ್ಲಿ ದೇಹದಲ್ಲೇ ಉಳಿದುಕೊಳ್ಳುತ್ತದೆ. ಅಪ್ಪನ ವಿಷಯದಲ್ಲಿ ಕಾಫಿಯದೂ ಪಾಲಿತ್ತೇನೋ: ಸಿಪ್ರೊಫ್ಲಾಕ್ಸಸಿನ್ ಕೆಫೀನ್ ಕರಗುವುದನ್ನು ನಿಧಾನಿಸುತ್ತದೆ, ಅವರಿಗೋ ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ ಬೇಕು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲಿ ಈ ಗುಂಪಿನ ಔಷಧಗಳ ಮಾಹಿತಿಪತ್ರದಲ್ಲಿ ತಳಮಳ, ಮರೆವು, ದಿಕ್ಕುತೋಚದಿರುವುದು, ಸನ್ನಿ ಇವುಗಳನ್ನು ಪ್ರತ್ಯೇಕವಾಗಿ ಎತ್ತಿ ಬರೆಯಿಸಿತು. ಈ ಗುಂಪು ಮಾತ್ರವೇ ಅಲ್ಲ, ಬೇರೆ ಆ್ಯಂಟಿಬಯೋಟಿಕ್‌ಗಳೂ ಇವೆ. ಕ್ಲಾರಿಥ್ರೊಮೈಸಿನ್‌ನಿಂದ ಕೆಲವರಿಗೆ ಉನ್ಮಾದ ಕೆರಳಿದ್ದಿದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಸೈಕ್ಲೊಸೆರಿನ್ ಅಂತೂ ಖಿನ್ನತೆ, ಭ್ರಾಂತಿಗಳಿಗೆ ಹೆಸರಾದದ್ದು. ಫ್ಲೋರೊಕ್ವಿನೊಲೋನ್ ನುಂಗುವ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗೆಂದು ಮಾತ್ರೆಯೇ ಕಳ್ಳ ಎಂದು ಈಗಲೇ ತೀರ್ಮಾನಿಸಬೇಡಿ. ವಯಸ್ಸಾದವರಿಗೆ ಸೋಂಕೇ ರಕ್ತಕ್ಕೇರಿದರೂ ಸನ್ನಿ ಹಿಡಿಯುತ್ತದೆ, ಸೋಡಿಯಂ ಇಳಿದರೂ ಹಿಡಿಯುತ್ತದೆ. ನೀವಾಗಿಯೇ ಮಾತ್ರೆ ನಿಲ್ಲಿಸಿ ಸುಮ್ಮನಾದರೆ ಸೋಂಕು ಬೆಳೆಯಬಹುದು. ಮುಂದಿನ ಮಾತ್ರೆಗೆ ಮುಂಚೆಯೇ ವೈದ್ಯರಿಗೆ ಫೋನ್ ಮಾಡಿ ಕೇಳಿ, ಇವತ್ತೇ ತೋರಿಸಿ. ಜ್ವರ ಏರಿದ್ದರೆ, ಅಪಸ್ಮಾರದಂತೆ ಸೆಳೆತ ಬಂದರೆ ಅಥವಾ ಎಬ್ಬಿಸಿದರೂ ಏಳದಂತಿದ್ದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ. ನಿದ್ದೆ ಬರಲಿ ಎಂದು ಮನೆಯಲ್ಲಿರುವ ನಿದ್ದೆಮಾತ್ರೆ ಕೊಡಬೇಡಿ. ಅವರು ನುಂಗುವ ಎಲ್ಲ ಮಾತ್ರೆಗಳನ್ನೂ, ನೋವಿನದನ್ನೂ ಬಿಡದೆ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.